ಹಿಂಡು ನೋಡಲಾರದವರಿಗೆ ಒಂಟಿ ಬಾತು ಕಾಣೂದಿಲ್ಲ

ದೀಪಾವಳಿ ಮುಗಿದು ಹಿಂಗಾರಿ ಜೋಳ ಮೊಣಕಾಲಮಟ ಏಳೂ ಹೊತ್ತಿಗೆ ನಮ್ಮ ಕುರನೂರ ಧರಣಕ್ಕ, ಸೋಲಾಪುರದ ಹತ್ತಿರದ ಹಿಪ್ಪರಗಾ ಕೆರಿಗೆ, ಅತ್ತ ಉಜನಿ ಹಿನ್ನೀರಿಗೆ ಪಟ್ಟೆತಲೆ ಬಾತುಗಳು ಬರತಾವ. ಅವು ಬಂದ ಎಂಟೇ ದಿವಸಕ್ಕ ಅವುಗಳ ಬೆನ್ನ ಹಿಂದ ಪ್ಯಾಟಿ ಮಂದಿ ಬರತಾರ. ಕೊರಳಾಗ ಮೊಳದುದ್ದ ಕ್ಯಾಮೆರಾ, ಮೈಮ್ಯಾಲ ಹಸರ ಅಂಗಿ, ಬಾಯಾಗ ಒಂದೇ ಪ್ರಶ್ನೆ: "ಕಾಕಾ, ಈ ಸಲ ಬ್ಯಾರೆ ಜಾತಿದು ಏನರ ಬಂದೈತೇನು?" ಕಣ್ಣೆದುರಿಗೆ ಕುಂತ ಮುನ್ನೂರು ಬಾತು ಅವರ ಲೆಕ್ಕಕ್ಕಿಲ್ಲ. ಅವರಿಗೆ ಬೇಕಾದದ್ದು ಮುನ್ನೂರಾ ಒಂದನೇದು.

ಗೀಗೀ ಪದದಾಗ ಹರದೇಶಿ, ನಾಗೇಶಿ ಅಂತ ಎರಡು ಮೇಳ. ಒಬ್ಬರು ಸವಾಲು ಹಾಕಿದರ ಇನ್ನೊಬ್ಬರು ಬೆಳತನಕ ಜವಾಬು ಕೊಡಬೇಕು. ನಲವತ್ತು ವರ್ಷ ಆ ಅಖಾಡದಾಗ ದಪ್ಪು ಬಡಿದವ ನಾನು. ಏಳನೇ ಇಯತ್ತೆಗೆ ಸಾಲಿ ಬಿಟ್ಟರೂ ವಾದ ಮಾಡೂದು ಬಿಟ್ಟಿಲ್ಲ. ಹಂಗಾಗಿ ಇದನ್ನೂ ಒಂದು ಸವಾಲಂತ ತಿಳೀರಿ. ಬ್ಯಾರೆ ಬಾತು ಬೇಕಂತ ಬಂದವರು ಹಿಂಡು ಎಬ್ಬಿಸಬಾರದು. ಅದರ ಜತಿಗೇ, ಹಿಂಡಿನ ಮಗ್ಗಲದಾಗ ಹುಟ್ಟಿ ಬೆಳೆದ ನಾವು "ನಮಗೇನು ತಿಳೀತದ" ಅಂತ ಮನಿಯಾಗ ಕೂಡಬಾರದು. ಮೊದಲನೇ ಮಾತಿಗೆ ಪ್ಯಾಟಿಯವರು ಸಿಟ್ಟಾಗತಾರ, ಎರಡನೇದಕ್ಕ ನಮ್ಮವರು. ಆಗಲಿ.

ಎಬ್ಬಿಸೂದಂದ್ರ ಏನು ಅಂತ ನೋಡದವರಿಗೆ ಹೇಳತೇನಿ. ಬಾತು ನೀರಿನ ದಂಡ್ಯಾಗ ಕುಂತಿರತಾವ. ಕೆಲವು ಒಂಟಿಕಾಲ ಮ್ಯಾಲ ನಿಂತು ತಲಿ ರೆಕ್ಕಿಯಾಗ ಹುದುಗಿಸಿರತಾವ, ಒಂದೆರಡು ಕತ್ತು ಎತ್ತಿ ಕಾವಲ ಇರತಾವ. ಬಂದವರಿಗೆ ಇದು ಸೇರೂದಿಲ್ಲ. ಹಾರೂ ಫೋಟೋ ಬೇಕು. ಒಬ್ಬ ಒಡ್ಡಿನ ಮ್ಯಾಲಿಂದ ಗಾಡಿ ಇಳಿಸತಾನ, ಇನ್ನೊಬ್ಬ ಕಲ್ಲು ಒಗಿತಾನ, ಇತ್ತಿತ್ತಲಾಗ ಡ್ರೋನ್ ಅಂತ ಒಂದು ದೊಡ್ಡ ನೊಣ ಬಂದೈತಿ, ಅದನ್ನ ಹಾರಸತಾರ. ಮುನ್ನೂರು ಬಾತು ಒಮ್ಮೆಲೇ ಕೂಗಿ ಏಳತಾವ. ಫೋಟೋ ಚಂದ ಬರತೈತಿ, ಸುಳ್ಳಲ್ಲ. ಆದರ ಎದ್ದ ಹಿಂಡಿನಾಗ ಏನು ಕಾಣತೈತಿ? ಬಿಸಿಲಿಗೆ ಎದುರಾದ ಹೊಟ್ಟಿ ಎಲ್ಲಾ ಒಂದೇ ಕಪ್ಪು. ಚುಂಚದ ಬಣ್ಣ ಕಾಣೂದಿಲ್ಲ, ಕಾಲು ಹೊಟ್ಟಿಗೆ ಸೇರಿರತಾವ. ಬ್ಯಾರೆ ಬಾತು ಗುರುತಿಸಾಕ ಬೇಕಾದ ಗುರುತೆಲ್ಲಾ ಮುಚ್ಚಿ ಹಾಕಿ ಆಮ್ಯಾಲ ಹುಡುಕತಾರ. ರಾಶಿ ಮಾಡೂಕಿಂತ ಮೊದಲ ಕಣದಾಗ ಬಿರುಗಾಳಿ ಎಬ್ಬಿಸಿದಂಗ ಇದು.

ಇನ್ನೊಂದು ಮಾತು. ಈ ಹಕ್ಕಿ ಇಲ್ಲಿಗೆ ಹವಾ ತಿನ್ನಾಕ ಬಂದಿಲ್ಲ. ಅದು ಮೊಟ್ಟೆ ಇಟ್ಟು ಮರಿ ಮಾಡೂದು ಮಂಗೋಲಿಯಾ, ಟಿಬೆಟ್, ನಮ್ಮ ಲಡಾಖಿನ ಎತ್ತರದ ಸರೋವರಗಳಲ್ಲಿ. ಚಳಿಗಾಲಕ್ಕ ಹಿಮಾಲಯ ದಾಟಿ ದಕ್ಷಿಣಕ್ಕ ಬರತೈತಿ. ವಿಜ್ಞಾನಿಗಳು ಬೆನ್ನಿಗೆ ಸಣ್ಣ ಯಂತ್ರ ಕಟ್ಟಿ ಅಳೆದಾರ, 7,290 ಮೀಟರ್ ಎತ್ತರದಾಗ ಹಾರಿದ್ದು ದಾಖಲಾಗಿದೆ. ಮೊದಲೆಲ್ಲಾ ಅವು ಒಮ್ಮೆ ಮ್ಯಾಲ ಏರಿ ಸೀದಾ ಗೆರಿ ಎಳೆದಂಗ ಹೋಗತಾವ ಅಂತ ತಿಳಿದಿದ್ದರು. ಈಗ ಗೊತ್ತಾಗಿದ್ದು ಬ್ಯಾರೆ: ಗುಡ್ಡ ಏರಿದಂಗ ಏರತಾವ, ಕಣಿವಿ ಇಳಿದಂಗ ಇಳೀತಾವ, ನೆಲದ ಬೆನ್ನು ಹಿಡಿದು ಹೋಗತಾವ. ಮ್ಯಾಲಿನ ತೆಳು ಗಾಳಿಯಾಗ ರೆಕ್ಕಿ ಬಡಿಯೂ ಖರ್ಚು ಹೆಚ್ಚು. ಅದಕ್ಕ ಸುಮ್ಮನ ಮ್ಯಾಲ ಇರೂಕಿಂತ ಇಳಿದು ಮತ್ತ ಏರೂದೇ ಅಗ್ಗ. ಇಷ್ಟು ಕಾಸು ಕಾಸು ಲೆಕ್ಕ ಹಾಕಿ ಶಕ್ತಿ ಖರ್ಚು ಮಾಡೂ ಜೀವವನ್ನ ದಿನಕ್ಕ ಆರು ಸಲ ಎಬ್ಬಿಸೂದು ಎಂಥಾ ಕೆಲಸ? ಶಿವರಾತ್ರಿ ಆಸುಪಾಸಿನಾಗ ಮತ್ತ ಅದೇ ದಾರಿ ಹಿಡಿಯಬೇಕು. ಇಲ್ಲಿ ತಿಂದ ಕೊಬ್ಬೇ ಅದರ ಬುತ್ತಿ.

ಬಂದವರೆಲ್ಲಾ ಹಂಗ ಅಂತ ನಾನು ಅನ್ನೂದಿಲ್ಲ. ನಸುಕಿನಾಗ ಬಂದು, ಸೂರ್ಯನ ಬೆನ್ನಿಗೆ ಹಾಕಿಕೊಂಡು, ಎರಡು ಹೊಲದಷ್ಟು ದೂರ ತೊಗರಿ ಸಾಲಿನ ನೆರಳಿಗೆ ಗೋಣಿ ಹಾಸಿ ನಾಕು ತಾಸು ಕುಂತು ಎದ್ದು ಹೋದವರನ್ನೂ ನೋಡೇನಿ. ಅಂಥವರು "ಬ್ಯಾರೆ ಏನೈತಿ" ಅಂತ ಕೇಳೂದೇ ಇಲ್ಲ. "ಇವತ್ತ ಎಷ್ಟು ಇದ್ದವು, ನಿನ್ನೆ ಎಷ್ಟು" ಅಂತ ಕೇಳತಾರ. ಅವರಿಗೆ ನಮ್ಮ ಮನಿ ಚಹಾ ಐತಿ.

ಈಗ ನಮ್ಮವರ ಕಡೆ ಬರತೇನಿ. ನಮ್ಮವರು ಹೇಳೂದು ಏನಂದ್ರ, "ದುರ್ಬೀನು ಇದ್ದವರಿಗೆ, ಇಂಗ್ಲಿಷ ಪುಸ್ತಕ ಓದಿದವರಿಗೆ ಅದೆಲ್ಲಾ, ನಮಗ ಬಾತು ಅಂದ್ರ ಬಾತು." ಇದು ನಾಚಿಕಿ ಮಾತಲ್ಲ, ಸೋಮಾರಿ ಮಾತು. ಎರಡುನೂರು ಕುರಿ ಇದ್ದ ಕುರುಬನ ಹಟ್ಟಿಗೆ ರಾತ್ರಿ ಇನ್ನೊಬ್ಬರ ಒಂದು ಕುರಿ ಹೊಕ್ಕರ ಮುಂಜಾನೆ ಹಟ್ಟಿ ಬಾಗಿಲದಾಗೇ ಅವಗ ಗೊತ್ತಾಗತೈತಿ. ಯಾವ ಪುಸ್ತಕ ಓದ್ಯಾನ ಅವ? ಎತ್ತಿನ ಸಂತಿಯಾಗ ನೂರು ಎತ್ತಿನ ನಡುವ ಖಿಲ್ಲಾರಿ ಯಾವುದು, ಖಿಲ್ಲಾರಿಯಂಗ ಕಾಣೂ ಬೆರಕಿ ಯಾವುದು ಅಂತ ನಮ್ಮ ಮುದುಕರು ಬಾಲ ನೋಡಿ ಹೇಳತಾರ. ಕಡ್ಲಿಯಾಗ ಬೆರೆತ ಕುಸುಬಿ ಸಸಿ ಎರಡು ಎಲಿ ಇದ್ದಾಗಲೇ ನಮ್ಮ ಹೆಣ್ಣುಮಕ್ಕಳು ಕಳೆ ತೆಗೆಯುವಾಗ ಗುರುತಿಸತಾರ. ಇದೇ ವಿದ್ಯೆ ಬಾತಿಗೂ ಬೇಕಾದದ್ದು. ಬ್ಯಾರೆಯದು ಕಾಣಬೇಕಂದ್ರ ತನ್ನದು ಬಾಯಿಪಾಠ ಆಗಿರಬೇಕು, ಅಷ್ಟೇ. ತಿಂಗಳುಗಟ್ಟಲೆ ಅದೇ ದಂಡ್ಯಾಗ ದನ ಮೇಯಿಸುವವನಿಗೆ ಇರೂ ಅನುಕೂಲ ಐತವಾರಕ್ಕ ಒಂದು ತಾಸು ಬಂದು ಹೋಗುವವನಿಗೆ ಎಲ್ಲಿಂದ ಬರಬೇಕು?

ಹಂಗಾದರ ತನ್ನದು ಯಾವುದು? ಪಟ್ಟೆತಲೆ ಬಾತಿನ ಮೈ ತಿಳಿ ಬೂದಿ ಬಣ್ಣ. ಬಿಳಿ ತಲಿಯ ಹಿಂದ ಎರಡು ಕರೀ ಪಟ್ಟಿ, ಒಂದು ಕಣ್ಣಿನಿಂದ ಕಣ್ಣಿನ ತನಕ ಸುತ್ತಿ ಬರತೈತಿ, ಇನ್ನೊಂದು ಅದರ ಕೆಳಗ ಸಣ್ಣದು. ವಿಭೂತಿ ಹಚ್ಚಿಕೊಂಡ ಹಣಿ ನೆನಪಾಗತೈತಿ, ಆದರ ಬಣ್ಣ ತಿರುವುಮುರುವು. ಕತ್ತಿನ ಹಿಂಬದಿ ಕಪ್ಪು, ಮಗ್ಗಲಿಗೆ ಮ್ಯಾಲಿಂದ ಕೆಳಗ ಒಂದು ಬಿಳಿ ಗೆರಿ. ಚುಂಚ, ಕಾಲು ಎರಡೂ ಅರಿಶಿಣ ಕಲಸಿದಂಥ ಹಳದಿ, ಚುಂಚದ ತುದಿಗೆ ಕಪ್ಪು ಬೊಟ್ಟು. ಇದಿಷ್ಟು ಕಣ್ಣು ಮುಚ್ಚಿದರೂ ಕಾಣಬೇಕು. ಆಗ ಮುನ್ನೂರರ ಮ್ಯಾಲ ಕಣ್ಣು ಜಾರಿಸಿಕೊಂಡು ಹೋದರ ತಡೆಯೂ ಜಾಗದಾಗ ಕಣ್ಣು ತಾನೇ ತಡೀತೈತಿ.

ಕೆಲ ವರ್ಷದ ಹಿಂದ ಎಳ್ಳಮವಾಸಿ ಮುಗಿದ ಮರುವಾರ ಹಂಗ ಕಣ್ಣು ತಡೆದದ್ದು ನನ್ನದಲ್ಲ, ಕುರಿ ಕಾಯೂ ಒಂದು ಹುಡುಗನದು. "ಅಜ್ಜಾ, ಅದೊಂದರ ಕಾಲು ಗುಲಾಬಿ ಅದಾವಲ್ಲ ಯಾಕ?" ಅಂದ. ನೋಡಿದರ ಹಿಂಡಿನ ಅಂಚಿಗೆ, ಉಳಿದವುಕ್ಕಿಂತ ದಪ್ಪ, ಮಣ್ಣು ಮೆತ್ತಿದಂಥ ಕಂದು ಬೂದಿ ಬಾತು. ತಲಿಗೆ ಪಟ್ಟಿ ಇಲ್ಲ, ಕತ್ತಿಗೆ ಬಿಳಿ ಗೆರಿ ಇಲ್ಲ, ಚುಂಚ ಗಡ್ಡಿ ಗಾತ್ರದ್ದು, ಅದೂ ಗುಲಾಬಿ. ಅದು ಬೂದು ಹೆಬ್ಬಾತು. ಮರಾಠಿಯೊಳಗ ಕಲಹಂಸ ಅಂತಾರ. ಉತ್ತರ ಹಿಂದುಸ್ಥಾನದ ಕೆರಿಗಳಿಗೆ ಹಿಂಡುಗಟ್ಟಿ ಬರೂ ಹಕ್ಕಿ, ನಮ್ಮ ದಖ್ಖನಿಗೆ ಅಪರೂಪ. ಪಟ್ಟೆತಲೆಗಳ ಜತಿ ಸೇರಿ ಒಂದೋ ಎರಡೋ ಇಳಿದು ಬರತಾವ. ಹುಡುಗ ಐದನೇ ಇಯತ್ತೆಯೂ ಮುಗಿಸಿರಲಿಲ್ಲ. ಅವಗ ದುರ್ಬೀನೂ ಇರಲಿಲ್ಲ.

ನನಗ ಅದನ್ನ ಖಾತ್ರಿ ಮಾಡಿದ್ದು ಕಿವಿ. ಹಾಡುವವಗ ಹಿಮ್ಮೇಳದಾಗ ಒಬ್ಬ ಶ್ರುತಿ ಬಿಟ್ಟರ ತಿರುಗಿ ನೋಡದೇ ಗೊತ್ತಾಗತೈತಿ. ಪಟ್ಟೆತಲೆ ಬಾತಿನ ಕೂಗು ಮೂಗಿನ್ಯಾಗಿಂದ ಬರತೈತಿ, ಸುಮಾರು ತೆಳು, ದೂರದಿಂದ ಕೇಳಿದರ ಒಬ್ಬರಿಗೊಬ್ಬರು ಕರದಂಗ ಒಂದೇ ಸಮ. ಬೂದು ಹೆಬ್ಬಾತು ಮನಿಯಾಗ ಸಾಕಿದ ಬಾತಿನ ಹಂಗ ಒಡಕು ದನಿಯಾಗ ದೊಡ್ಡದಾಗಿ ಒದರತೈತಿ. ಹಂಗ ಒದರಲೇಬೇಕು, ಯಾಕಂದ್ರ ಯುರೋಪಿನ ಸಾಕು ಬಾತುಗಳ ಮೂಲವೇ ಈ ಹಕ್ಕಿ. ಹಿಂಡು ನೀರಿಗೆ ಇಳಿಯೂ ಸಂಜಿ ಹೊತ್ತಿನಾಗ ಕಣ್ಣು ಕೆಲಸ ಬಿಟ್ಟರೂ ಕಿವಿ ಬಿಡೂದಿಲ್ಲ. ನಮ್ಮ ಭಜನಿ ಮೇಳದವರು, ಡೊಳ್ಳಿನ ಪದದವರು ಈ ಕೆಲಸಕ್ಕ ಬರಬೇಕು ಅಂತ ನಾನು ಅನ್ನೂದು ಇದಕ್ಕ. ಕ್ಯಾಮೆರಾದವರ ಕಡೆ ಈ ಕಿವಿ ಇಲ್ಲ.

ಇನ್ನೂ ಅಪರೂಪದ ಎರಡು ಅದಾವ. ಅವು ಇಲ್ಲಿ ಬಂದೇ ಬರತಾವ ಅಂತ ಯಾರೂ ಆಸಿ ಹಚ್ಚಿಕೊಳ್ಳಬ್ಯಾಡ್ರಿ, ಆದರ ಗುರುತು ಗೊತ್ತಿರಲಿ. ಬಿಳಿ ಹಣೆಯ ಹೆಬ್ಬಾತು: ಚುಂಚದ ಬುಡದ ಸುತ್ತ ಬಿಳಿ, ಹೊಟ್ಟಿಯ ಮ್ಯಾಲ ಮಸಿ ಬಳಿದಂಗ ಅಡ್ಡಡ್ಡ ಕರೀ ಪಟ್ಟಿ, ಕಾಲು ಕಿತ್ತಳೆ. ಅದರ ತಮ್ಮನಂಥದು ಸಣ್ಣ ಬಿಳಿ ಹಣೆಯ ಹೆಬ್ಬಾತು: ಮೈಯಿ ಸಣ್ಣದು, ಚುಂಚ ಗಿಡ್ಡ, ಬಿಳಿ ಹಣಿ ನೆತ್ತಿ ತನಕ ಏರಿರತೈತಿ, ಕಣ್ಣಿನ ಸುತ್ತ ಉಂಗುರ ಇಟ್ಟಂಗ ಹಳದಿ ಬಳಿ. ಈ ಸಣ್ಣದು ಇಡೀ ಜಗತ್ತಿನಾಗೇ ಅಳಿವಿನ ಅಂಚಿಗೆ ಸರಿಯುತ್ತಿರುವ ಪಕ್ಷಿ. ಮೂರನೇ ತರಹದ ಅಪರೂಪ ಇನ್ನೊಂದೈತಿ, ಅದರ ಜಾತಿ ಬ್ಯಾರೆ ಅಲ್ಲ, ಕೊರಳು ಬ್ಯಾರೆ. ಮಂಗೋಲಿಯಾದಾಗ ಹಿಡಿದು ಕೊರಳಿಗೆ ಬಣ್ಣದ ಪಟ್ಟಿ ಹಾಕಿ ಬಿಟ್ಟ ಪಟ್ಟೆತಲೆ ಬಾತುಗಳು ಮೈಸೂರ ಸೀಮಿಯ ಹದಿನಾರು ಕೆರೆ ತನಕ ಬಂದಾವ. ಆ ಪಟ್ಟಿಯ ಮ್ಯಾಲ ಅಕ್ಷರ, ಅಂಕಿ ಇರತಾವ. ಅದನ್ನ ಓದಿ ಬರೆದು ಕಳಿಸಿದರ ಆ ಒಂದು ಹಕ್ಕಿ ಎಲ್ಲಿ ಹುಟ್ಟಿ ಎಲ್ಲಿ ನೀರು ಕುಡೀತು ಅಂತ ಪೂರಾ ತಿಳೀತೈತಿ. ಮುಂಬಯಿಯಾಗ 1883ರಿಂದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಅನ್ನೂ ಸಂಸ್ಥೆ ಐತಿ, ಹಕ್ಕಿಗೆ ಉಂಗುರ ಹಾಕಿ ಲೆಕ್ಕ ಇಡೂದು ಅವರ ಹಳೇ ಕೆಲಸ. ಒಂದು ಕಾರ್ಡು ಸಾಕು. ಕೊರಳಪಟ್ಟಿ ಓದಬೇಕಂದ್ರ ಹಕ್ಕಿ ನೆಲದ ಮ್ಯಾಲ ಸುಮ್ಮನ ನಿಂತಿರಬೇಕು ಅನ್ನೂದನ್ನ ಡ್ರೋನಿನವರು ನೆನಪಿಡಲಿ.

ಅಪರೂಪದ ಆಸಿ ಬಂದಲ್ಲಿ ಸುಳ್ಳೂ ಬರತೈತಿ. ಪ್ರತಿ ಚಳಿಗಾಲ ಯಾರಾದರೊಬ್ಬರು "ಹೊಸ ಜಾತಿ ಸಿಕ್ತು" ಅಂತ ಮೊಬೈಲಿನಾಗ ಹಾಕತಾರ, ಮರುದಿನ ಪೇಪರಿನವರು ರಾಜಹಂಸ ಬಂತು ಅಂತ ಬರೀತಾರ. ಹಂಸ ಹಾಲು ನೀರು ಬ್ಯಾರೆ ಮಾಡತೈತಿ ಅಂತಾರ, ಇವರಿಗೆ ಹಂಸ ಬಾತು ಬ್ಯಾರೆ ಮಾಡಾಕ ಬರೂದಿಲ್ಲ. ಹತ್ತರಾಗ ಎಂಟು ಸಲ ಆ ಹೊಸ ಜಾತಿ ಅನ್ನೂದು ಪಟ್ಟೆತಲೆಯ ಮರಿ. ಹೋದ ಬ್ಯಾಸಿಗಿಯಾಗ ಹುಟ್ಟಿದ ಮರಿಗೆ ಇನ್ನೂ ತಲಿಯ ಪಟ್ಟಿ ಬಂದಿರೂದಿಲ್ಲ, ನೆತ್ತಿ ಹಿಂಗತ್ತು ಮಬ್ಬು ಬಣ್ಣ, ಮಾರಿ ಕೊಳಕು ಬಿಳಿ. ಪಟ್ಟಿ ಇಲ್ಲಂತ ಅದನ್ನ ಬೂದು ಹೆಬ್ಬಾತು ಅಂದು ಬಿಡತಾರ. ಆದರ ಅದರ ಕಾಲು ನೋಡ್ರಿ, ಹಳದಿ ಛಾಯೆ ಇರತೈತಿ, ಗುಲಾಬಿ ಅಲ್ಲ. ಅದರ ಜತಿಗೆ ಯಾರು ಅದಾರ ನೋಡ್ರಿ. ಬಾತಿನ ಸಂಸಾರ ಚಳಿಗಾಲ ಪೂರಾ ಒಡೆಯೂದಿಲ್ಲ. ಅಪ್ಪ, ಅವ್ವ, ಎರಡು ಮೂರು ಮಕ್ಕಳು ಒಟ್ಟಿಗೇ ಮೇಯತಾವ, ಒಟ್ಟಿಗೇ ಏಳತಾವ. ಪಟ್ಟಿ ಇಲ್ಲದ ಬಾತಿನ ಅತ್ತಿತ್ತ ಪಟ್ಟಿ ಇದ್ದ ಎರಡು ದೊಡ್ಡವು ನಡೆದಿದ್ದರ ಅದು ಅವರ ಮನಿ ಕೂಸು. ಪರದೇಶಿ ಆದದ್ದು ಅಂಚಿಗೆ ನಿಲ್ಲತೈತಿ. ಹಿಂಡು ಎಬ್ಬಿಸಿದವಗ ಈ ಸಂಸಾರ ಕಾಣೂದಿಲ್ಲ, ಅದಕ್ಕೇ ಅವನ ಬಾಯಾಗ ಹೊಸ ಜಾತಿ ದಿನಾ ಹುಟ್ಟತಾವ. ಇನ್ನು ಕೆಲವರು ಚಕ್ರವಾಕಕ್ಕೂ ಹೆಬ್ಬಾತು ಅಂತಾರ. ಇಟ್ಟಂಗಿ ಬಣ್ಣದ ಆ ಹಕ್ಕಿಯನ್ನ ಇದರ ಜತಿ ಕಲಸಿದವರಿಗೆ ಏನು ಹೇಳೂದು? ಬಿಡರಿ.

ಇದರಿಂದ ಯಾರಿಗೆ ಲುಕ್ಸಾನ ಅಂತ ಕೇಳಬಹುದು. ಲುಕ್ಸಾನ ಐತಿ. ಸುಳ್ಳು ಸುದ್ದಿಗೆ ಮರುದಿನ ಇಪ್ಪತ್ತು ಗಾಡಿ ಬರತಾವ, ಕಡ್ಲಿ ಹೊಲದಾಗ ಹಾಯ್ದು ಹೋಗತಾವ. ಬಾತು ತಿಂದದ್ದಕ್ಕಿಂತ ಗಾಲಿ ತುಳಿದದ್ದೇ ಹೆಚ್ಚಾಗತೈತಿ.

ಬಾತು ತಿನ್ನತಾವ ಅನ್ನೂದು ಖರೆ. ನಾನು ಒಕ್ಕಲಿಗ, ಅದನ್ನ ಮುಚ್ಚಿಡೂದಿಲ್ಲ. ರಾತ್ರಿ, ನಸುಕಿನಾಗ ಹೊಲಕ್ಕ ಇಳೀತಾವ. ಧರಣದ ನೀರು ಸರಿದಂಗ ನಾವು ಗಾಳಪೇರ ಜಮೀನಿನಾಗ ಬಿತ್ತತೀವಲ್ಲ, ಅಲ್ಲಿಯ ಎಳೀ ಕಡ್ಲಿ, ಗೋದಿ ಅವಕ್ಕ ಬಲು ಪ್ರೀತಿ. ಗದಗ ಜಿಲ್ಲೆಯ ಮಾಗಡಿ ಕೆರೆಯಾಗ ಸಾವಿರಗಟ್ಟಲೆ ಇಳೀತಾವ, ಅಲ್ಲಿ ಸುತ್ತಲ ಶೇಂಗಾ ಹೊಲ ಮೇಯತಾವ. "ಕಡ್ಲಿ ತುದಿ ನಾವೂ ಚಿವುಟತೀವಿ, ಬಾತು ಚಿವುಟಿದರ ಟಿಸಿಲು ಒಡೀತದ" ಅಂತ ಪ್ಯಾಟಿಯವರು ನಮಗ ಬುದ್ಧಿ ಹೇಳತಾರ. ಚಿವುಟೂದು ಬ್ಯಾರೆ, ಬುಡಸಹಿತ ಕೀಳೂದು ಬ್ಯಾರೆ ಸ್ವಾಮಿ. ದಂಡಿಗೆ ಹತ್ತಿದ ಹೊಲದವನ ನಷ್ಟ ಅವನೊಬ್ಬನ ತಲಿಗೆ ಕಟ್ಟಬಾರದು, ಊರೇ ಕೂಡಿ ಸರಕಾರದ ಕಡೆ ಕೇಳಬೇಕು. ಡಬ್ಬಿ ಬಡೀರಿ, ಬೆದರು ಬೊಂಬೆ ನಿಲ್ಲಸ್ರಿ, ನಾನೇನೂ ಬ್ಯಾಡ ಅನ್ನೂದಿಲ್ಲ. ಆದರ ಕಾಳಿಗೆ ಔಷಧ ಕಲಸಿ ಚೆಲ್ಲೂ ಮಾತು ನಮ್ಮ ಕಟ್ಟಿಮ್ಯಾಲ ಆಡಬ್ಯಾಡ್ರಿ. ಆ ಕಾಳು ಬಾತಿನ ಜತಿಗೆ ಪಾರಿವಾಳ, ಕೋಳಿ, ಕಡೀಕ ಯಾರದೋ ಕೂಸಿನ ಬಾಯಿಗೆ ಹೋಗತೈತಿ. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಇವನ್ನ ಕೊಲ್ಲೂದು ಅಪರಾಧ ಅನ್ನೂದು ಆಮ್ಯಾಲಿನ ಮಾತು. ಸತ್ತ ಬಾತು ಸಿಕ್ಕರ ಸಾರು ಮಾಡೂದೂ ಬ್ಯಾಡ. 2005ರಾಗ ಚೀನಾದ ಕಿಂಗಾಯಿ ಸರೋವರದಾಗ ಹಕ್ಕಿಜ್ವರ ಬಂದು ಸಾವಿರಾರು ಹಕ್ಕಿ ಸತ್ತವು, ಅದರಾಗ ಪಟ್ಟೆತಲೆಗಳೇ ಬಹಳ. ದನದ ಡಾಕ್ಟರಿಗೆ ತಿಳಿಸ್ರಿ, ಕೈಲೆ ಮುಟ್ಟಬ್ಯಾಡ್ರಿ.

ನಮ್ಮವರ ಬಾಯಾಗ ಇನ್ನೊಂದು ದೊಡ್ಡ ಅಂಜಿಕಿ ಐತಿ, ಅದನ್ನ ಯಾರೂ ಬರವಣಿಗಿಯಾಗ ಹೇಳೂದಿಲ್ಲ. "ಅಪರೂಪದ ಹಕ್ಕಿ ಬಂತು ಅಂತ ಬರೆದು ಕೊಟ್ಟರ ಫಾರೆಸ್ಟಿನವರು ಬರತಾರ, ಜಮೀನು ಹೋಗತದ. ಕಂಡರೂ ಕಾಣದಂಗ ಇರೂದು ಚಲೋ." ಈ ಅಂಜಿಕಿ ಬಾನಿಂದ ಬಿದ್ದದ್ದಲ್ಲ. ನಾನ್ನಜದ ಮಾಳಢೋಕ ಅಭಯಾರಣ್ಯ 1979ರಾಗ ಆತು. ಎಂಟು ಸಾವಿರ ಚದರ ಕಿಲೋಮೀಟರಿಗೂ ಹೆಚ್ಚು ಜಾಗ ಗೆರಿ ಎಳೆದರು. ಅದರಾಗ ಊರು, ಹೊಲ, ಬಾವಿ ಎಲ್ಲಾ ಬಂದವು. ಜಮೀನು ಕೊಳ್ಳೂದು ಮಾರೂದು ತೊಡಕಾತು, ವರ್ಷಗಟ್ಟಲೆ ಮಂದಿ ಕಚೇರಿಗೆ ತಿರುಗಿದರು. ಕಡೀಕ ಅದನ್ನ 1,200 ಚದರ ಕಿಲೋಮೀಟರ್ ಆಸುಪಾಸಿಗೆ ಇಳಿಸಿದರು. ಅಷ್ಟರಾಗ ಆಗೂದು ಆಗಿತ್ತು. ಹಕ್ಕಿ ಅಂದ್ರ ವೈರಿ ಅನ್ನೂ ಭಾವನಾ ಬೇರು ಬಿಟ್ಟಿತ್ತು, ಮಾಳಢೋಕವೂ ಉಳೀಲಿಲ್ಲ. ನಮ್ಮ ಹಿರೇರು ಎರೆಹೊಲದಾಗ ಜೋಡಿಜೋಡಿಯಾಗಿ ನೋಡಿದ ಆ ದೊಡ್ಡ ಹಕ್ಕಿ ಈಗ ಒಂದು ಕಂಡರ ಪೇಪರಿನಾಗ ಬರತೈತಿ.

ಇದರಿಂದ ಕಲಿಯಬೇಕಾದದ್ದು ಸುಮ್ಮನಿರೂದಲ್ಲ ಅನ್ನೂದು ನನ್ನ ವಾದ. ಅಲ್ಲಿ ಮೊದಲ ಗೆರಿ ಎಳೆದವರು ಹೊರಗಿನವರು, ಲೆಕ್ಕ ಇಟ್ಟವರೂ ಹೊರಗಿನವರು. ಊರಿನವರ ಕೈಯಾಗ ಒಂದು ಹಾಳಿ ಕಾಗದ ಇರಲಿಲ್ಲ. ಹಕ್ಕಿ ಎಲ್ಲಿ ಇರತೈತಿ, ಎಲ್ಲಿ ಇರೂದಿಲ್ಲ ಅಂತ ಊರಿನವರೇ ಬರೆದಿಟ್ಟಿದ್ದರ ಇಲ್ಲದ ಜಾಗದ ಮ್ಯಾಲ ಗೆರಿ ಎಳೆಯೂದು ಅಷ್ಟು ಸಸಾರ ಆಗತಿರಲಿಲ್ಲ. ಇನ್ನ ಕಾಯ್ದೆಯಾಗೂ ಬ್ಯಾರೆ ದಾರಿ ಅದಾವ. 2002ರ ತಿದ್ದುಪಡಿಯೊಳಗ 'ಸಂರಕ್ಷಣಾ ಮೀಸಲು' ಅಂತ ಒಂದು ತರಹ ಬಂತು. ಅದನ್ನ ಸರಕಾರದ ಜಾಗದಾಗ ಮಾತ್ರ ಮಾಡಬೇಕು, ಅದೂ ಅಲ್ಲಿಯ ಮಂದಿ ಜತಿ ಮಾತಾಡಿ. ಖಾಸಗಿ ಹೊಲ ಅದರಾಗ ಬರೂದಿಲ್ಲ. ಮಾಗಡಿ ಕೆರೆ ಇಂಥದೇ ಮೀಸಲು. 2024ರ ಆರಂಭದಾಗ ಅದಕ್ಕ ರಾಮ್‌ಸರ್ ಪಟ್ಟಿಯೊಳಗೂ ಜಾಗ ಸಿಕ್ತು, ಅಂದ್ರ ಜಗತ್ತಿನ ಮುಖ್ಯ ನೀರ್ನೆಲೆಗಳ ಪಟ್ಟಿ. ಮಾಗಡಿಯವರು ಶೇಂಗಾ ಬಿತ್ತೂದು ಬಿಟ್ಟಿಲ್ಲ, ಬಾತೂ ಬರೂದು ಬಿಟ್ಟಿಲ್ಲ. ನಮ್ಮದೂ ಹಂಗೇ ಆಗಬೇಕು ಅಂತ ನಾನು ಬರಕೊಡೂದಿಲ್ಲ. ಆದರ ನಾಳೆ ಯಾರಾದರೂ ನಕಾಶೆ ಹಿಡಿದು ಬಂದರ ನಮ್ಮ ಹತ್ತಿರ ನಮ್ಮ ವಹಿ ಇರಲಿ.

ಮಾಸ್ತರರಿಗೆ ಎರಡು ಮಾತು. ತಪ್ಪು ತಿಳೀಬ್ಯಾಡ್ರಿ, ನಿಮ್ಮ ಕೈಯಾಗೇ ಹಾಡು ಕಲಿತ ಮಕ್ಕಳು ನಮ್ಮ ಮೇಳಕ್ಕ ಬಂದಾರ. ನಮ್ಮ ಕನ್ನಡ ಸಾಲಿಗಳು ಸಣ್ಣಾಗಿ, ಮಕ್ಕಳು ಮರಾಠಿಗೂ ಇಂಗ್ಲಿಷಿಗೂ ಹಂಚಿ ಹೋಗಿರೂ ಕಾಲದಾಗ ಬಾತಿನ ಹೆಸರು ಯಾರಿಗೆ ಬೇಕು ಅಂತ ನಿಮಗ ಅನ್ನಸಬಹುದು. ಆದರ ನೋಡ್ರಿ, ಗೋಡಿಯ ಮ್ಯಾಲ 'ಹ' ಅಂದ್ರ ಹಂಸ ಅಂತ ಕೊಳದ ಬಿಳಿ ಹಂಸದ ಚಿತ್ರ ಬರೆಸೀರಿ. ಆ ಕೂಸು ಹುಟ್ಟಿ ಸಾಯೂತನಕ ಆ ಹಕ್ಕಿಯನ್ನ ಈ ಸೀಮಿಯಾಗ ನೋಡೂದಿಲ್ಲ. ಒಂದು ಮೈಲು ನಡೆದರ ಹಿಮಾಲಯ ದಾಟಿ ಬಂದ ಬಾತು ಕುಂತಿರತೈತಿ, ಅದರ ಹೆಸರು ಅದಕ್ಕ ಕನ್ನಡದಾಗೂ ಗೊತ್ತಿಲ್ಲ, ಮರಾಠಿಯೊಳಗೂ ಗೊತ್ತಿಲ್ಲ. ಮರಾಠಿಯವರಿಗೆ ಪಕ್ಷಿಕೋಶ ಬರೆದುಕೊಟ್ಟ ಮಾರುತಿ ಚಿತಮಪಲ್ಲಿಯವರು ಹುಟ್ಟಿದ್ದು ನಮ್ಮ ಸೋಲಾಪುರದಾಗೇ. ಅವರು ಪಟ್ಟಕಾದಂಬ, ಕಲಹಂಸ ಅಂತ ಹೆಸರು ಕಾಪಾಡಿದ ಮಂದಿಯ ಪೈಕಿ. ಕನ್ನಡದಾಗ ತೇಜಸ್ವಿಯವರು 'ಹಕ್ಕಿ ಪುಕ್ಕ' ಬರೆದಾರ. ಎರಡೂ ನಮ್ಮ ವಾಚನಾಲಯದಾಗ ಇರಬೇಕು, ಎರಡೂ ಒಂದೇ ಕೂಸು ಓದಬೇಕು. ಗಡಿಯ ಮ್ಯಾಲ ಹುಟ್ಟಿದ್ದಕ್ಕ ನಮಗ ಸಿಕ್ಕ ಲಾಭ ಇದೊಂದೇ, ಒಂದು ಹಕ್ಕಿಗೆ ಎರಡು ಹೆಸರು. ಅದನ್ನೂ ಕಳಕೊಂಡರ ಹ್ಯಾಂಗ?

ಮಕ್ಕಳನ್ನ ಕರಕೊಂಡು ಹೋಗೂದಾದರ ಐವತ್ತು ಮಂದಿ ಸಾಲು ಕಟ್ಟಿಸಿ ಬ್ಯಾಡ. ಆರು ಮಂದಿ ಸಾಕು. ಮುಂಜಾನೆ ಹೋದರ ಪೂರ್ವದ ದಂಡಿ, ಬಿಸಿಲು ಬೆನ್ನಿಗಿರತೈತಿ. ಮೊದಲ ದಿನ ಬರೇ ಎಣಿಸಲಿ. ಹತ್ತು ಬಾತು ಎಷ್ಟು ಜಾಗ ಹಿಡೀತಾವ ಅಂತ ಕಣ್ಣಳತಿ ಮಾಡಿಕೊಂಡು, ಅದೇ ಅಳತಿಲೆ ಹಿಂಡು ಪೂರಾ ಅಳೀಬೇಕು, ಕಣದಾಗ ಸೇರಿನಿಂದ ಅಳೆದಂಗ. ಎರಡನೇ ದಿನ ಪಟ್ಟಿ ಇದ್ದವು ಎಷ್ಟು, ಇಲ್ಲದ ಮರಿ ಎಷ್ಟು ಅಂತ ಬ್ಯಾರೆ ಬರೀಲಿ. ಮರಿಗಳ ಲೆಕ್ಕ ಅಗದೀ ಬೆಲಿಯುಳ್ಳದ್ದು, ಆ ವರ್ಷ ಮಂಗೋಲಿಯಾದಾಗ ಸುಗ್ಗಿ ಹ್ಯಾಂಗ ಆಗಿತ್ತು ಅನ್ನೂದು ಇಲ್ಲಿ ಕುಂತು ತಿಳೀತೈತಿ. ಬ್ಯಾರೆ ಬಾತಿನ ಮಾತು ಮೂರನೇ ದಿನಕ್ಕ. ಅಷ್ಟರಾಗ ಅದು ಇದ್ದರ ಮಕ್ಕಳ ಕಣ್ಣಿಗೆ ತಾನೇ ಬಿದ್ದಿರತೈತಿ, ಇಲ್ಲದಿದ್ದರ ಇಲ್ಲ ಅಂತ ಬರೀಲಿ. ಇಲ್ಲ ಅಂತ ಬರೆದದ್ದೂ ಲೆಕ್ಕವೇ.

ಹೋದ ಚಳಿಗಾಲದಿಂದ ನಮ್ಮ ವಾಚನಾಲಯದಾಗ ಒಂದು ವಹಿ ಇಟ್ಟೇವಿ. ಬ್ಯಾರೆ ಬಾತು ಕಂಡೆ ಅಂತ ಯಾರೂ ಬರೀಬಹುದು, ಆದರ ಕಟ್ಟಳೆ ಐತಿ: ಚುಂಚದ ಬಣ್ಣ, ಕಾಲಿನ ಬಣ್ಣ, ಹೊಟ್ಟಿ, ತಲಿ, ಜತಿಗೆ ಯಾರಿದ್ದರು, ಎಷ್ಟು ಹೊತ್ತು ನೋಡಿದಿರಿ, ಹಿಂಡು ಕುಂತಿತ್ತೋ ಎದ್ದಿತ್ತೋ. ಹಿಂಡು ಎದ್ದಾಗ ನೋಡಿದ್ದು ಅಂದ್ರ ಅದರ ಮುಂದ ಸೊನ್ನೆ ಹಾಕತೇವಿ. ಬರೆದವನ ಹೊರತು ಇನ್ನೊಬ್ಬರು ನೋಡಿರಬೇಕು, ಆ ಇನ್ನೊಬ್ಬರು ಕುರಿ ಕಾಯುವವರಾದರ ಇನ್ನೂ ಚಲೋ. ಫೋಟೋ ಇದ್ದರ ಅಂಟಸ್ರಿ, ಇಲ್ಲದಿದ್ದರ ಬರೆದ ಚಿತ್ರ ನಡೀತೈತಿ, ಕಾಗಿಯಂಗ ಕಂಡರೂ ನಗೂದಿಲ್ಲ. ಕನ್ನಡದಾಗ ಬರೀರಿ, ಮರಾಠಿಯೊಳಗ ಬರೀರಿ. ಬರೀಲಿಕ್ಕೆ ಬರದವರು ನನ್ನ ಮುಂದ ಹೇಳ್ರಿ, ನಾನು ಬರಕೋತೇನಿ. ವಹಿ ಕಪಾಟಿನ ಕೆಳಗಿನ ಸಾಲಿನಾಗ ಐತಿ. ಪೆನ್ಸಿಲು ಎರಡು ಸಲ ಕಳೀತು, ಈಗ ದಾರ ಕಟ್ಟೇನಿ.